ಕೇಳಿದವನ ಹೊಣೆ

ಒಬ್ಬನ ಮಾತನ್ನು ಕೇಳಿ ಇನ್ನೊಬ್ಬನು ಒಂದು ಕೃತ್ಯವನ್ನು ಮಾಡಿದರೆ ಆ ಕೃತ್ಯದ ಹೊಣೆಯು ಯಾರದು? ಹೇಳಿದವನದೋ, ಕೇಳಿದವನದೋ? ಈ ಪ್ರಶ್ನೆಯು ಹೊಸದಲ್ಲ. ಮನೆಯೊಳಗಿನ ಸಣ್ಣ ಜಗಳದಿಂದ ಹಿಡಿದು ನ್ಯಾಯಸ್ಥಾನದ ದೊಡ್ಡ ವಾದದ ವರೆಗೆ ಇದು ದಿನಾಲು ಏಳುತ್ತಲೇ ಇರುವದು. ‘ಅವರಿವರ ಮಾತು ಕೇಳಿ ಕೆಟ್ಟೆ’ ಎಂದು ಹಲುಬುವವರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಹಾಗೆ ಹಲುಬುವಾಗ ಅವರು ತಮ್ಮ ಕೈಯಿಂದಾದ ಕೆಲಸವನ್ನು ಇನ್ನೊಬ್ಬರ ನಾಲಗೆಯ ಮೇಲೆ ಹೊರಿಸುತ್ತಿರುತ್ತಾರೆ. ಇತ್ತ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯು ಹೊಣೆಯನ್ನೆಲ್ಲ ಕಂಡವನ, ಕೇಳಿದವನ ತಲೆಗೇ ಕಟ್ಟುವದು. ಇವೆರಡರಲ್ಲಿ ಸತ್ಯವು ಎಲ್ಲಿದೆ ಎಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಇದಕ್ಕಾಗಿ ಧರ್ಮಶಾಸ್ತ್ರವನ್ನಾಗಲಿ ಕಾಯದೆಯ ಗ್ರಂಥಗಳನ್ನಾಗಲಿ ಬಿಚ್ಚುವದಕ್ಕಿಂತ ಮೊದಲು, ನಮ್ಮ ನಮ್ಮ ಮೈಯಲ್ಲಿಯೇ ಕ್ಷಣಕ್ಷಣಕ್ಕೂ ನಡೆದಿರುವ ಒಂದು ವ್ಯವಹಾರವನ್ನು ವಾಚಕರು ಅವಧರಿಸಬೇಕು. ನಮ್ಮ ದೇಹವು ಅಸಂಖ್ಯ ಜೀವಕೋಶಗಳ ಸಮೂಹವೆಂಬದು ಎಲ್ಲರಿಗೂ ತಿಳಿದ ಮಾತು. ಪ್ರತಿಯೊಂದು ಕೋಶದ ಸುತ್ತಲೂ ಕೊಬ್ಬಿನ ಅಣುಗಳ ಎರಡು ಸಾಲುಗಳಿಂದಾದ ಒಂದು ಪೊರೆಯಿರುವದು. ಅಂಥ ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಒಟ್ಟಿದರೂ ಒಂದು ಮಿಲಿಮೀಟರು ದಪ್ಪವಾಗಲಾರದು. ಇಷ್ಟು ತೆಳುವಾಗಿದ್ದರೂ ಒಳಗು ಹೊರಗುಗಳ ಎಲ್ಲೆಯನ್ನು ಕಾಯುವದು ಅದೇ. ಹೊರಗಿನ ರಕ್ತದಲ್ಲಿ ಸುಳಿದಾಡುವ ಬಹುತರ ದೂತರಿಗೆ, ಅಂದರೆ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸುದ್ದಿಯನ್ನೊಯ್ಯುವ ರಸಗಳಿಗೆ, ಆ ಪೊರೆಯನ್ನು ದಾಟಿ ಒಳಗೆ ಹೋಗುವ ಅನುಮತಿಯಿಲ್ಲ. ಕೊಬ್ಬಿನಲ್ಲಿ ಕರಗಬಲ್ಲ ಕೆಲವು ರಸಗಳು ಮಾತ್ರ ನೇರವಾಗಿ ಒಳಹೊಗುವವು. ಉಳಿದವೆಲ್ಲ ಬಾಗಿಲ ಹೊರಗೇ ನಿಲ್ಲತಕ್ಕವು.

ಹಾಗಾದರೆ ಹೊರಗಿನ ಸುದ್ದಿಯು ಒಳಗೆ ಮುಟ್ಟುವದು ಹೇಗೆ? ಹಿಂದಿನ ಕಾಲಕ್ಕೆ ಅಗಸಿಯಿದ್ದ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಬಂದ ಓಲೆಕಾರನು ಹೊರಗೇ ನಿಂತು ಕೂಗುವನು. ಕಾವಲುಗಾರನು ಅವನ ಗುರುತನ್ನು ತಿಳಿದು ಒಳಗಿನವರಿಗೆ ಸುದ್ದಿಯನ್ನು ಮುಟ್ಟಿಸುವನು. ಓಲೆಕಾರನು ಊರೊಳಗೆ ಕಾಲಿಡುವ ಕಾರಣವೇ ಇಲ್ಲ. ಕೋಶದ ಪೊರೆಯಲ್ಲಿಯೂ ಇಂಥ ಕಾವಲುಗಾರರಿದ್ದಾರೆ. ಇವರಿಗೆ ಗ್ರಾಹಕಗಳೆಂದು ಹೆಸರು. ಇವು ಪ್ರೋಟೀನಿನಿಂದಾದವುಗಳು, ಇವುಗಳ ಒಂದು ಭಾಗವು ಹೊರಗೆ ಚಾಚಿರುವದು, ಒಂದು ಭಾಗವು ಒಳಗೆ ಇಳಿದಿರುವದು. ಇವುಗಳಲ್ಲಿ ಪೊರೆಯನ್ನು ಏಳು ಸಲ ಹೆಣೆದುಕೊಂಡು ನಿಂತ ಒಂದು ಮನೆತನದವೇ ಮನುಷ್ಯನಲ್ಲಿ ಸುಮಾರು 800 ಬಗೆಯಾಗಿವೆ. ಹೊರಗಿನ ದೂತನು ಬಂದು ತಗಲಿದ ಕೂಡಲೆ ಗ್ರಾಹಕದ ಆಕಾರವು ಕಿಂಚಿತ್ ಬದಲಾಗುವದು. ಆ ಬದಲಾವಣೆಯು ಒಳತುದಿಗೂ ಮುಟ್ಟುವದು. ಒಳಗೆ ಸಿದ್ಧವಾಗಿ ಕಾದಿದ್ದ ಇನ್ನೊಂದು ಪ್ರೋಟೀನು ಎಚ್ಚರಗೊಳ್ಳುವದು. ದೂತನು ಕೊಟ್ಟದ್ದು ಒಂದು ಸ್ಪರ್ಶ ಮಾತ್ರ. ಮುಂದಿನದೆಲ್ಲವೂ ಒಳಗಿನವರ ಕೆಲಸವು.

ಇಲ್ಲಿ ಮೊದಲನೆಯ ಮಾತನ್ನು ನಾವು ಗ್ರಹಿಸತಕ್ಕದ್ದು. ಅದೇನೆಂದರೆ, ಕರೆಯಲ್ಲಿ ಉತ್ತರವು ಅಡಗಿಲ್ಲ. ಅಡ್ರಿನಲಿನ್ ಎಂಬ ದೂತನನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಮನುಷ್ಯನು ಭಯಗೊಂಡಾಗ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳಿಂದ ಇದು ರಕ್ತಕ್ಕೆ ಬೀಳುವದು. ಇದು ತಗಲಿದರೆ ಹೃದಯವು ವೇಗವಾಗಿ ಬಡಿಯುವದು; ಶ್ವಾಸನಾಳದ ಸ್ನಾಯುವು ಸಡಿಲಾಗಿ ಉಸಿರಿನ ಹಾದಿ ಅಗಲವಾಗುವದು; ಚರ್ಮದ ರಕ್ತನಾಳಗಳು ಬಿಗಿದುಕೊಂಡು ಮುಖವು ಬಿಳಿಚುವದು; ಯಕೃತ್ತು ತನ್ನ ಸಂಗ್ರಹದೊಳಗಿನ ಸಕ್ಕರೆಯನ್ನು ಬಿಡುವದು. ದೂತನು ಒಬ್ಬನೇ, ಉತ್ತರಗಳು ನಾಲ್ಕು, ಅವುಗಳಲ್ಲಿ ಒಂದು ಬಿಗಿಯುವದು, ಒಂದು ಸಡಿಲುವದು. ಈ ಭೇದವು ದೂತನಲ್ಲಿಲ್ಲ. ಆಯಾ ಕೋಶದ ಬಾಗಿಲಲ್ಲಿ ನಿಂತ ಗ್ರಾಹಕದಲ್ಲಿಯೂ, ಅದರ ಹಿಂದೆ ಕೋಶವು ಮೊದಲೇ ಅಣಿಮಾಡಿಕೊಂಡ ಸಾಮಗ್ರಿಯಲ್ಲಿಯೂ ಇರುವದು. ಇದನ್ನು ಮೊದಲು ಊಹಿಸಿದವರಲ್ಲಿ ಕೇಂಬ್ರಿಜಿನ ಲ್ಯಾಂಗ್ಲಿ ಎಂಬವರು ಒಬ್ಬರು. ನರವನ್ನು ಕತ್ತರಿಸಿದ ಮೇಲೂ ನಿಕೋಟಿನ್ ತಗಲಿದರೆ ಸ್ನಾಯುವು ಕುಗ್ಗುವದನ್ನು ಕಂಡು, ಕೇಳತಕ್ಕ ವಸ್ತುವು ಸ್ನಾಯುವಿನಲ್ಲಿಯೇ ಇರಬೇಕೆಂದು ಅವರು 1905ರಲ್ಲಿ ಪ್ರತಿಪಾದಿಸಿದರು.

ನಮ್ಮ ತೇರದಾಳದ ಬಸದಿಯ ಶಾಸನವನ್ನು ನೋಡಿದವರಿಗೆ ಈ ತತ್ತ್ವವು ಬೇಗನೆ ಹೊಳೆಯುವದು. ಮಂಡಲಿಕ ಗೊಂಕನು ನೇಮಿನಾಥನಿಗೆ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿಯನ್ನು ಹೇಳುವ ಆ ಬರಹವು ಕ್ರಿ.ಶ. 1123ರದು. ಒಂಬತ್ತುನೂರು ವರ್ಷಗಳಿಂದ ಆ ಕಲ್ಲು ಅದೇ ಮಾತನ್ನು ಆಡುತ್ತ ನಿಂತಿದೆ. ಹಳಗನ್ನಡದ ಲಿಪಿಯನ್ನು ಬಲ್ಲವನಿಗೆ ಅದು ರಾಜಮನೆತನಗಳ ಕಥೆ. ಭಕ್ತನಿಗೆ ಪುಣ್ಯದ ನೆನಹು. ಅಂಗಳದಲ್ಲಿ ಆಡುವ ಹುಡುಗನಿಗೆ ಕಲ್ಲಿನ ಮೇಲಿನ ಗೀರು. ಕಲ್ಲು ಯಾರಿಗೂ ಹೆಚ್ಚು ಹೇಳಿಲ್ಲ, ಯಾರಿಗೂ ಕಡಿಮೆ ಹೇಳಿಲ್ಲ. ಕೇಳಿದವನಲ್ಲಿ ಏನಿತ್ತೋ ಅದಕ್ಕೆ ತಕ್ಕಂತೆ ಅದು ಫಲಿಸಿತು. ಆದುದರಿಂದ ‘ಅವನು ಹೀಗೆಂದನು, ಅದಕ್ಕೇ ನಾನು ಹೀಗೆ ಮಾಡಿದೆನು’ ಎಂಬ ವಾಕ್ಯದಲ್ಲಿಯ ‘ಅದಕ್ಕೇ’ ಎಂಬ ಶಬ್ದವು ಬಹಳ ದುರ್ಬಲವಾದುದು. ಅದೇ ಮಾತನ್ನು ಕೇಳಿದ ಇನ್ನೊಬ್ಬನು ಸುಮ್ಮನೆ ಎದ್ದುಹೋಗಿದ್ದರೆ ಆ ‘ಅದಕ್ಕೇ’ ಎಲ್ಲಿ ನಿಲ್ಲುವದು?

ಇನ್ನು ಎರಡನೆಯ ಮಾತು. ಬಾಗಿಲಲ್ಲಿ ಕೇಳಿದ ಸಣ್ಣ ಕರೆಯು ಒಳಗೆ ಹೋದಂತೆ ದೊಡ್ಡದಾಗುತ್ತ ಹೋಗುವದು. ಅಮೇರಿಕೆಯ ಸದರ್ಲ್ಯಾಂಡ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಯಕೃತ್ತಿನ ಮೇಲೆ ಪ್ರಯೋಗಗಳನ್ನು ನಡೆಸಿ, ಹೊರಗಿನ ದೂತನು ಹೊರಗೇ ಉಳಿದಾಗ ಕೋಶದೊಳಗೆ ಎರಡನೆಯ ದೂತನೊಬ್ಬನು ಹುಟ್ಟುವನೆಂದು ಕಂಡುಹಿಡಿದರು. ಸೈಕ್ಲಿಕ್ ಎ.ಎಂ.ಪಿ. ಎಂಬದು ಅವನ ಹೆಸರು. ಈ ಶೋಧಕ್ಕಾಗಿ ಅವರಿಗೆ 1971ರಲ್ಲಿ ನೋಬೆಲ್ ಪಾರಿತೋಷಕವು ಸಂದಿತು. ಒಂದು ಗ್ರಾಹಕವು ಎಚ್ಚರಿಸುವ ಪ್ರೋಟೀನುಗಳು ಹಲವು. ಅವುಗಳಿಂದ ಚಾಲನೆಗೊಂಡ ಒಂದೊಂದು ಕಿಣ್ವವು ಹುಟ್ಟಿಸುವ ಎರಡನೆಯ ದೂತರು ಇನ್ನೂ ಹಲವರು. ಅವರಿಂದ ಎಚ್ಚರಗೊಂಡ ಕಿಣ್ವಗಳ ಕೆಲಸವು ಅದಕ್ಕೂ ಮಿಗಿಲು. ಕೆಲವೇ ಅಣುಗಳ ಸ್ಪರ್ಶದಿಂದ ಕೊನೆಗೆ ಲಕ್ಷಗಟ್ಟಲೆ ಸಕ್ಕರೆಯ ಅಣುಗಳು ರಕ್ತಕ್ಕೆ ಇಳಿಯುವವು. ಈ ಸಾಲಿನಲ್ಲಿ ಪ್ರತಿಯೊಬ್ಬನೂ ತಾನು ಕೇಳಿದ್ದನ್ನು ಮುಂದಿನವನಿಗೆ ಮುಟ್ಟಿಸುವನು. ಆದರೆ ಯಾರೊಬ್ಬನೂ ಕೇಳಿದಷ್ಟನ್ನೇ ಮುಟ್ಟಿಸುವದಿಲ್ಲ. ‘ನಾನು ಬರಿದೆ ಸುದ್ದಿ ಮುಟ್ಟಿಸಿದವನು’ ಎಂಬ ನಿರ್ದೋಷಿಯ ಸ್ಥಾನವು ಈ ಪರಂಪರೆಯಲ್ಲಿ ಎಲ್ಲಿಯೂ ಇಲ್ಲ.

ಮೂರನೆಯ ಮಾತು ಎಲ್ಲಕ್ಕೂ ಮುಖ್ಯವಾದುದು. ಕೋಶವು ಕರೆಗೆ ಓಗೊಡಲು ಎಷ್ಟು ಸಾಮಗ್ರಿಯನ್ನು ಇಟ್ಟುಕೊಂಡಿದೆಯೋ ಬಹುಶಃ ಅಷ್ಟೇ ಸಾಮಗ್ರಿಯನ್ನು ಓಗೊಟ್ಟು ಸುಮ್ಮನಾಗಲಿಕ್ಕೂ ಇಟ್ಟುಕೊಂಡಿದೆ. ಗ್ರಾಹಕದ ಒಳಮಗ್ಗುಲಿಗಿರುವ ‘ಜಿ’ ಪ್ರೋಟೀನೆಂಬದರ ರೀತಿಯನ್ನು ನೋಡಿರಿ. ಇದನ್ನು ಕಂಡುಹಿಡಿದ ಗಿಲ್ಮನ್, ರಾಡ್‌ಬೆಲ್ ಎಂಬವರಿಗೆ 1994ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು. ಕರೆ ಬಂದಾಗ ಈ ಪ್ರೋಟೀನು ಜಿ.ಟಿ.ಪಿ. ಎಂಬ ಅಣುವನ್ನು ಹಿಡಿದುಕೊಂಡು ಎಚ್ಚರಾಗುವದು. ಸ್ವಲ್ಪ ಹೊತ್ತಿನಲ್ಲಿಯೇ ಆ ಅಣುವನ್ನು ತಾನೇ ಮುರಿದು ಪುನಃ ನಿದ್ರಿಸುವದು. ಅಂದರೆ ಎಚ್ಚರಾಗುವಾಗಲೇ ಅದು ತನ್ನ ಮೌನದ ಗಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿರುವದು. ಕರೆಯು ಮೇಲಿಂದ ಮೇಲೆ ಬರುತ್ತಿದ್ದರೆ ಅರೆಸ್ಟಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಗ್ರಾಹಕದ ಒಳತುದಿಯನ್ನು ಮುಚ್ಚುವದು. ಕೆಲವು ಗ್ರಾಹಕಗಳನ್ನು ಬಾಗಿಲಿನಿಂದ ಒಳಗೆ ಎಳೆದುಕೊಳ್ಳುವದೂ ಉಂಟು.

ಈ ಮೌನವು ತಪ್ಪಿದರೆ ಏನಾಗುವದೆಂಬದನ್ನು ಕಬ್ಬು ಅರಿಷಿಣಗಳ ಹೊಲಗಳಿರುವ ನಮ್ಮ ಸೀಮೆಯವರಿಗೆ ಬಹಳ ವಿವರಿಸಬೇಕಾದುದಿಲ್ಲ. ನರವು ಸ್ನಾಯುವಿಗೆ ‘ಕುಗ್ಗು’ ಎಂದು ಹೇಳುವದು ಅಸೆಟೈಲ್‌ಕೋಲೀನ್ ಎಂಬ ದೂತನ ಮುಖಾಂತರ. ಹೇಳಿ ಮುಗಿದೊಡನೆ ಒಂದು ಕಿಣ್ವವು ಆ ದೂತನನ್ನು ನಿಮಿಷಾರ್ಧವೂ ಬಿಡದೆ, ಸೆಕೆಂಡಿನ ಸಾವಿರದೊಂದು ಭಾಗದಷ್ಟರಲ್ಲಿ, ಒಡೆದುಹಾಕುವದು. ಈ ಒಂದೇ ಬಾಗಿಲಲ್ಲಿ ಎರಡು ಬಗೆಯ ಮರಣಗಳು ಹೊಂಚಿವೆ. ನಾಗರಹಾವು ಕಚ್ಚಿದರೆ ಅದರ ವಿಷದೊಳಗಿನ ಒಂದಂಶವು ಸ್ನಾಯುವಿನ ಗ್ರಾಹಕದ ಮೇಲೆ ಕುಳಿತು ದೂತನಿಗೆ ಎಡೆಗೊಡದು. ನರವು ಕೂಗುವದು, ಸ್ನಾಯುವು ಕೇಳದು. ರೆಪ್ಪೆಗಳು ಬೀಳುವವು, ಕಡೆಗೆ ಉಸಿರಾಟದ ಸ್ನಾಯುಗಳು ನಿಲ್ಲುವವು. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳ ಕ್ರಮವು ಇದಕ್ಕೆ ವಿಪರೀತವಾದುದು. ಅವು ದೂತನನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುವವು. ಹೇಳಿದ ಮಾತು ಮುಗಿಯುವದೇ ಇಲ್ಲ. ಜೊಲ್ಲು ಸುರಿಯುವದು, ಬೆವರು ಹರಿಯುವದು, ಸ್ನಾಯುಗಳು ಅದುರಿ ಅದುರಿ ಸೋಲುವವು; ಇಲ್ಲಿಯೂ ಕಡೆಗೆ ಉಸಿರು ನಿಲ್ಲುವದು. ಒಬ್ಬನು ಕರೆಯನ್ನು ಕೇಳಲಾರದೆ ಸತ್ತನು. ಇನ್ನೊಬ್ಬನು ಕರೆ ನಿಲ್ಲದ್ದರಿಂದ ಸತ್ತನು. ಕಿವುಡು ಎಷ್ಟು ಘಾತಕವೋ ಕೊನೆಯಿಲ್ಲದ ಓಗೊಡುವಿಕೆಯೂ ಅಷ್ಟೇ ಘಾತಕವು.

ಈಗ ಸುಳ್ಳು ದೂತನ ವಿಷಯಕ್ಕೆ ಬರೋಣ. ನಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ನಮ್ಮ ಕರುಳಿನ ಕೋಶಗಳ ಮೇಲೆ ಒಂದು ಗ್ರಾಹಕವಿದೆ. ಗುವಾನಿಲಿನ್ ಎಂಬ ನಮ್ಮದೇ ದೂತನು ಅದಕ್ಕೆ ತಗಲಿದಾಗ ಕೋಶವು ಅಳತೆಗೆ ತಕ್ಕಷ್ಟು ಉಪ್ಪನ್ನೂ ನೀರನ್ನೂ ಕರುಳಿನ ನಾಳಕ್ಕೆ ಬಿಡುವದು. ಕೊಳೆನೀರಿನೊಡನೆ ಹೊಟ್ಟೆಗೆ ಸೇರುವ ಒಂದು ಜಾತಿಯ ಈ. ಕೋಲಾಯ್ ಎಂಬ ಸೂಕ್ಷ್ಮಜೀವಿಯು ಆ ಗುವಾನಿಲಿನ್ನಿನ ವೇಷವನ್ನು ಧರಿಸಿದ ಒಂದು ವಿಷವನ್ನು ತಯಾರಿಸುವದು. ಗ್ರಾಹಕವು ಅದನ್ನು ತನ್ನವನೆಂದೇ ಬಗೆದು ಬಾಗಿಲನ್ನು ಬಿಡುವದು, ಬೇಧಿಯು ಹತ್ತುವದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯನವರೂ ಅವರ ಶಿಷ್ಯವರ್ಗವೂ ಈ ಗ್ರಾಹಕದ ಅಭ್ಯಾಸವನ್ನು ಬಹುಕಾಲ ನಡೆಸಿದ್ದಾರೆ. ನಾರ್ವೆ ದೇಶದ ವಿದ್ವಾಂಸರೊಡನೆ ಕೂಡಿ ಅವರು 2012ರಲ್ಲಿ ಪ್ರಕಟಿಸಿದ ಒಂದು ಶೋಧವು ವಿಚಾರಕ್ಕೆ ಯೋಗ್ಯವಾದುದು. ಆ ದೇಶದ ಒಂದೇ ಮನೆತನದ 32 ಜನರಿಗೆ ಚಿಕ್ಕಂದಿನಿಂದಲೂ ಬೇಧಿಯ ಬಾಧೆಯಿತ್ತು. ಕಾರಣವನ್ನು ಹುಡುಕಲಾಗಿ, ಅವರ ಈ ಗ್ರಾಹಕದಲ್ಲಿ ಒಂದೇ ಒಂದು ಅಮಿನೋ ಆಮ್ಲವು ಬೇರೆಯಾಗಿತ್ತು. ಬಂದ ದೂತನು ಎಲ್ಲರಿಗೂ ಬರುವ ದೂತನೇ. ಆದರೆ ಅವರ ಕರುಳು ಅವನಿಗೆ ಉಳಿದವರಿಗಿಂತ ಬಹಳ ಗಟ್ಟಿಯಾಗಿ ಓಗೊಡುತ್ತಿತ್ತು. ಇದು ಅವರ ತಪ್ಪಲ್ಲ, ಹುಟ್ಟಿನೊಡನೆ ಬಂದುದು.

ಕಾಲರಾದ ವಿಷವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುವದು. ಕಾಲರಾ ಜಂತುವು ಒಂದು ವಿಷವನ್ನು ಹೊರಸೂಸಿ ಕರುಳನ್ನು ಕೆಡಿಸುವದೆಂಬದನ್ನು ಕಲಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ ಪ್ರಯೋಗದಿಂದ ತೋರಿಸಿದರು. ಆ ವಿಷದ ಕೈವಾಡವು ಆಮೇಲೆ ಸ್ಪಷ್ಟವಾಯಿತು. ಅದು ಕೋಶದೊಳಗೆ ನುಗ್ಗಿ, ಮೇಲೆ ಹೇಳಿದ ‘ಜಿ’ ಪ್ರೋಟೀನಿನ ಮೌನದ ಗಳಿಗೆಯನ್ನು ಕಸಿದುಕೊಳ್ಳುವದು. ಎಚ್ಚರಾದ ಪ್ರೋಟೀನು ಪುನಃ ನಿದ್ರಿಸಲಾರದು. ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಒಳಗೆ ‘ಬಂದರು, ಬಂದರು’ ಎಂಬ ಕೂಗು ನಡೆದೇ ಇರುವದು. ಉಪ್ಪೂ ನೀರೂ ಹೊರಗೆ ಹರಿದುಹೋಗುವವು. ರೋಗವು ಉಗ್ರವಾಗಿದ್ದರೆ ತಾಸಿಗೆ ಒಂದು ಲೀಟರಿನಷ್ಟು ನೀರು ನಷ್ಟವಾಗಿ ಮನುಷ್ಯನು ಕೆಲವೇ ತಾಸುಗಳಲ್ಲಿ ಬತ್ತಿಹೋಗುವನು.

ಇಲ್ಲಿ ಸುಜ್ಞ ವಾಚಕರು ಆಕ್ಷೇಪಿಸಬಹುದು: ‘ಕೋಶಕ್ಕೆ ಬುದ್ಧಿಯಿಲ್ಲ, ಸ್ವಾತಂತ್ರ್ಯವಿಲ್ಲ, ವೇಷಧಾರಿಯನ್ನು ಗುರುತಿಸಲಾರದ್ದಕ್ಕೆ ಅದನ್ನು ಯಾರು ದೂಷಿಸುವರು? ಅಂಥದರಿಂದ ಮನುಷ್ಯನಿಗೆ ನೀತಿಯನ್ನು ಹೇಗೆ ಹೇಳುವಿರಿ?’ ಈ ಆಕ್ಷೇಪವು ಸರಿಯಾದುದೇ. ಸೃಷ್ಟಿಯಲ್ಲಿ ಹೀಗಿದೆಯೆಂದ ಮಾತ್ರಕ್ಕೆ ಮನುಷ್ಯನು ಹೀಗಿರಬೇಕೆಂದು ಸಾಧಿಸಿದಂತಾಗುವದಿಲ್ಲ. ಕೋಶವು ನಮಗೆ ಗುರುವಲ್ಲ. ಆದರೆ ಅದು ಒಂದು ಅಳತೆಗೋಲಾಗಬಲ್ಲದು. ಕರೆಗೂ ಉತ್ತರಕ್ಕೂ ನಡುವೆ ಕೋಶಕ್ಕೆ ಇರುವದು ಆಕಾರದ ಹೊಂದಿಕೆಯೊಂದೇ. ವೇಷವು ಹೊಂದಿತೆಂದರೆ ಅದು ಓಗೊಡಲೇಬೇಕು. ಮನುಷ್ಯನಿಗೆ ಅದಕ್ಕಿಂತ ಹೆಚ್ಚಿನದೊಂದು ಇದೆ. ‘ಇದು ನಿಜವೇ? ಹೇಳಿದವನು ಕಂಡವನೇ? ನಾನು ಈಗಲೇ ಮಾಡಬೇಕೇ?’ ಎಂದು ಕೇಳಿಕೊಳ್ಳುವಷ್ಟು ಅವಕಾಶವು ಅವನಿಗುಂಟು. ಆ ಅವಕಾಶವು ಎಷ್ಟೋ ಅಷ್ಟೇ ಅವನ ಹೊಣೆ. ಅದನ್ನು ಬಳಸದೆ ಓಗೊಟ್ಟವನು ತನ್ನನ್ನು ತಾನೇ ಕೋಶದ ಮಟ್ಟಕ್ಕೆ ಇಳಿಸಿಕೊಂಡಂತಾಯಿತು; ಬಳಿಕ ಕೋಶದ ನಿರ್ದೋಷಿತ್ವವನ್ನು ಬೇಡುವ ಹಕ್ಕು ಅವನಿಗಿಲ್ಲ.

ಇದು ಬರಿಯ ತರ್ಕವಲ್ಲವೆಂಬದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಘೋರ ಸಂಗತಿಯು ಸಾಕ್ಷಿಯಾಗಿದೆ. 2018ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲುಗಳ ಮುಖಾಂತರ ದೇಶದ ಅನೇಕ ಪ್ರಾಂತಗಳಲ್ಲಿ ಹಬ್ಬಿತ್ತು. ಆ ವರ್ಷದ ಜುಲೈ 13ರಂದು ಬೀದರ ಜಿಲ್ಲೆಗೆ ಗೆಳೆಯನ ಊರಿಗೆಂದು ಬಂದಿದ್ದ ಕೆಲವರು ಹಾದಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದರು. ಪ್ರೀತಿಯ ಆ ಕುರುಹೇ ಕಳ್ಳರ ವೇಷಕ್ಕೆ ಹೊಂದಿತು. ಸಂಶಯವು ವಾಟ್ಸಾಪಿನಲ್ಲಿ ಅವರ ವಾಹನಕ್ಕಿಂತ ಮೊದಲೇ ಮುರ್ಕಿ ಎಂಬ ಗ್ರಾಮವನ್ನು ಮುಟ್ಟಿತು. ಜನರು ಹಾದಿಯನ್ನು ಕಟ್ಟಿದರು. ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನು ಏಟುಗಳಿಂದ ಸತ್ತನು. ಅವನ ಸಂಗಡಿಗರೂ ಬಿಡಿಸಲು ಹೋದ ಪೋಲೀಸರೂ ಗಾಯಗೊಂಡರು. ಕಳುವಾದ ಮಗು ಒಂದೂ ಇರಲಿಲ್ಲ.

ಈ ಕೊಲೆಯ ಹೊಣೆಯು ಯಾರದು? ಮೊದಲು ಸುಳ್ಳನ್ನು ಕಟ್ಟಿದವನದೆಂಬದು ನಿಜವು. ವಿಷವನ್ನು ತಯಾರಿಸಿದವನು ಅವನು. ಕೈಯೆತ್ತಿ ಹೊಡೆದವರದೆಂಬದರಲ್ಲಿಯೂ ಸಂಶಯವಿಲ್ಲ. ಆದರೆ ಇವರಿಬ್ಬರ ನಡುವೆ ಸುದ್ದಿಯನ್ನು ಕೇಳಿ ಮುಂದಕ್ಕೆ ದಾಟಿಸಿದವರ ಒಂದು ದೊಡ್ಡ ಸಾಲು ಇರುವದು. ಅವರಲ್ಲಿ ತಾಯಂದಿರಿದ್ದಿರಬಹುದು, ಅಕ್ಷರ ಬಲ್ಲವರಿದ್ದಿರಬಹುದು. ಮಕ್ಕಳ ಮೇಲಣ ಕಕುಲಾತಿಯಿಂದಲೇ ಅವರು ದಾಟಿಸಿರಬಹುದು. ಅವರಲ್ಲಿ ಯಾರೂ ಕೊಲೆಗಡುಕರಲ್ಲ. ಆದರೂ ಅವರು ದಾಟಿಸದೆ ಇದ್ದಿದ್ದರೆ ಒಂದು ಬಾಯಿಯ ಮಾತು ನೂರಾರು ಕೈಗಳ ಕಲ್ಲಾಗುತ್ತಿರಲಿಲ್ಲ. ಅದೇ ತಿಂಗಳಲ್ಲಿ ಆ ಕಂಪನಿಯವರು ಭಾರತದಲ್ಲಿ ಒಂದು ಸುದ್ದಿಯನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆಗೆ ದಾಟಿಸಬಾರದೆಂದು ಮಿತಿಯನ್ನು ಹಾಕತೊಡಗಿದರು. ಕೋಶವು ಅರೆಸ್ಟಿನ್ನಿನಿಂದ ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಿದಂತಾಯಿತು. ಅದು ಒಳ್ಳೆಯದೇ. ಆದರೆ ಐದು ಕಡೆಗೆ ದಾಟಿಸುವ ಬೆರಳಿಗೂ ಮನಸ್ಸಿಗೂ ಇರುವ ಸಂಬಂಧವನ್ನು ಯಾವ ಯಂತ್ರವೂ ಸರಿಪಡಿಸಲಾರದು.

ಹಾಗೆಂದು ಮೋಸಹೋದವರನ್ನು ಬೈದು ಕೈತೊಳೆದುಕೊಳ್ಳುವದೂ ತಕ್ಕದ್ದಲ್ಲ. ನಾರ್ವೆಯ ಆ ಮನೆತನದಂತೆ, ಕೆಲವರು ಹುಟ್ಟಿನಿಂದಲೋ ಹಿಂದೆ ಉಂಡ ನೋವಿನಿಂದಲೋ ಸಣ್ಣ ಕರೆಗೂ ದೊಡ್ಡದಾಗಿ ಓಗೊಡುವರು. ಮಗುವನ್ನು ಕಳೆದುಕೊಂಡ ತಾಯಿಗೆ ಮಕ್ಕಳ ಕಳ್ಳರ ಸುದ್ದಿಯು ಉಳಿದವರಿಗೆ ಕೇಳಿಸಿದಂತೆ ಕೇಳಿಸುವದಿಲ್ಲ. ಅಂಥವರ ಹೊಣೆಯನ್ನು ಅಳೆಯುವಾಗ ದಯೆಯು ಬೇಕು. ಅದಕ್ಕಿಂತ ಹೆಚ್ಚಾಗಿ ಉಪಾಯವು ಬೇಕು. ಕಾಲರಾದ ಚಿಕಿತ್ಸೆಯಲ್ಲಿ ಇದಕ್ಕೊಂದು ಸುಂದರವಾದ ನಿದರ್ಶನವಿದೆ. ಕೆಟ್ಟುಹೋದ ಬಾಗಿಲನ್ನು ಮುಚ್ಚುವ ಹಟವನ್ನು ವೈದ್ಯರು ಬಿಟ್ಟರು. ಅದೇ ಕರುಳಿನಲ್ಲಿ ಸಕ್ಕರೆಯನ್ನೂ ಉಪ್ಪನ್ನೂ ಜೊತೆಗೂಡಿಸಿ ಒಳಗೆ ಕರೆದುಕೊಳ್ಳುವ ಇನ್ನೊಂದು ಬಾಗಿಲು ವಿಷ ತಗಲದೆ ಉಳಿದಿರುವದು. ಅವು ಹೋದಲ್ಲಿ ನೀರೂ ಹಿಂಬಾಲಿಸುವದು. 1971ರಲ್ಲಿ ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರ ಬನಗಾಂವ ಶಿಬಿರದಲ್ಲಿ ದಿಲೀಪ ಮಹಲನಬೀಸ್ ಎಂಬ ವೈದ್ಯರು ಉಪ್ಪುಸಕ್ಕರೆಗಳ ನೀರನ್ನೇ ಕುಡಿಸುತ್ತ ಹೋದರು. ನೂರಕ್ಕೆ 30ರಷ್ಟಿದ್ದ ಸಾವು ನೂರಕ್ಕೆ 4ಕ್ಕೂ ಕಡಿಮೆಯಾಯಿತು. ಸುಳ್ಳಿಗೆ ಓಗೊಡುತ್ತಿರುವ ಮನಸ್ಸಿನಲ್ಲಿಯೂ ಹೀಗೆಯೇ ಒಂದು ಬಾಗಿಲು ಕೆಡದೆ ಉಳಿದಿರುವದು. ಅಂಥವನಿಗೆ ‘ನೀನು ಮೂರ್ಖನು’ ಎಂದರೆ ಅದು ಮುಚ್ಚುವದು. ‘ನಿನಗೆ ಮಕ್ಕಳ ಚಿಂತೆಯಿದೆ, ನನಗೂ ಇದೆ, ಇಬ್ಬರೂ ಕೂಡಿ ಠಾಣೆಗೆ ಹೋಗಿ ಕೇಳೋಣ ಬಾ’ ಎಂದರೆ ತೆರೆಯುವದು.

ಇಷ್ಟರಿಂದ ನಮ್ಮ ಪ್ರಶ್ನೆಗೆ ಉತ್ತರವು ದೊರೆಯುವದು. ಹೇಳಿದವನ ಹೊಣೆಯು ಹೇಳಿದವನಿಗೇ ಇರಲಿ. ಕೇಳಿದವನ ಹೊಣೆಯು ಅದರಿಂದ ಒಂದು ಗುಂಜಿಯಷ್ಟೂ ಇಳಿಯುವದಿಲ್ಲ. ಹೊರಗಿನ ಮಾತು ನಮ್ಮನ್ನು ಮುಟ್ಟಬಹುದೇ ಹೊರತು ನಮ್ಮ ಕೈಯನ್ನು ಎತ್ತಲಾರದು. ಎತ್ತುವವರು ನಾವು, ಎತ್ತಿದ್ದನ್ನು ಇಳಿಸಬಲ್ಲವರೂ ನಾವೇ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ‘ಹಿರಿಯರು ಕರೆದರೆ ಓಗೊಡು’ ಎಂದು ಕಲಿಸುತ್ತೇವೆ. ಅದು ಯೋಗ್ಯವೇ, ಓಗೊಡದ ಮನೆಯು ಮನೆಯಲ್ಲ. ಅದರ ಜೊತೆಗೆ ‘ಕೇಳಿದ್ದನ್ನೆಲ್ಲ ಮುಂದಕ್ಕೆ ಸಾಗಿಸಬೇಡ, ತಡೆದು ನೋಡು, ತಿಳಿದ ಮೇಲೆ ಸುಮ್ಮನಾಗು’ ಎಂಬದನ್ನೂ ಅಷ್ಟೇ ಆಸ್ಥೆಯಿಂದ ಕಲಿಸಬೇಕಾಗಿದೆ. ಮೊದಲನೆಯ ಪಾಠವನ್ನು ಕಲಿತ ಮಕ್ಕಳು ವಿಧೇಯರಾಗುವರು. ಎರಡನೆಯದನ್ನೂ ಕಲಿತವರು ನಂಬಿಕೆಗೆ ಪಾತ್ರರಾಗುವರು. ಊರಿನಲ್ಲಿ ಸುಳ್ಳು ಸುದ್ದಿಯೆದ್ದ ರಾತ್ರಿ ಅಪರಿಚಿತನೊಬ್ಬನ ಪ್ರಾಣವು ಅಂಥವರಿಂದಲೇ ಉಳಿಯುವದು.